ಕರೆದರೂ ತಿರುಗಬಾರದು

ಹೇಮಶ್ರೀ ಜನ್ಮದಲ್ಲಿ ಬಂದೂಕು ಮುಟ್ಟಿದವಳಲ್ಲ. ಆದರೂ ಎರಡು ಸಾವಿರದ ಇಸವಿಯ ಮಾರ್ಚಿ ತಿಂಗಳ ಹೊತ್ತಿಗೆ ಬಂದೂಕಿನ ವಿಷಯವಾಗಿ ದಪ್ಪನೆಯದೊಂದು ಪುಸ್ತಕದಷ್ಟು ಬರೆದು ಮುಗಿಸಿದ್ದಳು.

ಆದದ್ದು ಹೀಗೆ. ಹುಬ್ಬಳ್ಳಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು, ಗಂಡ ಶಶಿಧರನ ಜೊತೆ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂಗೆ ಬಂದಳು. ಅವನಿಗೆ ಕೆಲಸದ ವೀಸಾ, ಅವಳಿಗೆ ಹೆಂಡತಿಯ ವೀಸಾ. ಹೆಂಡತಿಯ ವೀಸಾದಲ್ಲಿ ಅಡುಗೆ ಮಾಡಬಹುದು, ಲೈಬ್ರರಿಗೆ ಹೋಗಬಹುದು, ಸಂಬಳ ತಗೊಳ್ಳುವಂತಿಲ್ಲ. ಹಾಗೇ ಮೂರು ವರ್ಷ ಕಳೆಯಿತು. ಕೊನೆಗೆ ಅವಳಿಗೆ ವೀಸಾ ಮಾಡಿಸಿ ಕೆಲಸ ಕೊಟ್ಟವನು ಗುರುಕಿರಣ್ ಎಂಬ ಬೆಂಗಳೂರಿನ ಹುಡುಗ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೇ ಹಾಸಿಗೆ ಗೋಡೌನೊಂದನ್ನು ಬಾಡಿಗೆಗೆ ಹಿಡಿದು ಕಂಪನಿ ಶುರುಮಾಡಿದ್ದ. ಕ್ಯಾಲಿಫೋರ್ನಿಯಾದಲ್ಲಿ ಬೇಟೆಯ ಲೈಸೆನ್ಸು ಬೇಕೆಂದರೆ ಮೊದಲು ಬೇಟೆಗಾರರ ಸುರಕ್ಷತೆಯ ಪಾಠ ಕಲಿತು ಪಾಸಾಗಬೇಕು. ಅದಕ್ಕೆ ಜನ ಸಂಜೆ ಹೊತ್ತು ಯಾವುದೋ ಸಭಾಂಗಣದಲ್ಲಿ ಹೋಗಿ ಕೂರುತ್ತಿದ್ದರು. ಅವರೆಲ್ಲ ಮನೆಯಲ್ಲೇ ಕೂತು ಇಂಟರ್‌ನೆಟ್ಟಿನಲ್ಲಿ ಓದುವಂತಾದರೆ ಹೇಗೆ ಎಂಬುದು ಗುರುಕಿರಣನ ಐಡಿಯಾ. ಅವನು ಮೊಟ್ಟೆಯನ್ನೂ ತಿನ್ನುತ್ತಿರಲಿಲ್ಲ. ಬಂಡವಾಳ ಹಾಕಿದವರು ಅದನ್ನು ಕೇಳಲಿಲ್ಲ.

ಪಾಠ ಬರೆಯುವುದು ಹೇಮಶ್ರೀಯ ಪಾಲಿಗೆ ಬಂತು. ಲೈಬ್ರರಿಯಿಂದ ತಂದ ಪುಸ್ತಕಗಳನ್ನು ಓದಿ ಓದಿ, 'ಯಾವಾಗಲೂ' ಎಂದು ಶುರುವಾಗುವ ನೂರಾರು ವಾಕ್ಯಗಳನ್ನೂ 'ಎಂದಿಗೂ' ಎಂದು ಶುರುವಾಗುವ ನೂರಾರು ವಾಕ್ಯಗಳನ್ನೂ ಬರೆದಳು. ಬರೆದದ್ದನ್ನು ತಿಳಿದವರೊಬ್ಬರು ನೋಡಿ ಸಹಿ ಹಾಕಬೇಕಿತ್ತು. ಹಾಗೆ ಸಿಕ್ಕವಳು ಲೊರೇನ್. ಗಿಲ್ರಾಯ್ ಕಡೆಯ ಹೆಂಗಸು, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಬಹಳ ವರ್ಷಗಳಿಂದ ಶನಿವಾರಗಳಂದು ಪುಕ್ಕಟೆಯಾಗಿ ಬೇಟೆಗಾರರಿಗೆ ಪಾಠ ಹೇಳುತ್ತಿದ್ದಳು.

ಲೊರೇನ್ ವಾಪಸು ಕಳಿಸಿದ ಕಟ್ಟಿನಲ್ಲಿ ಹೆಚ್ಚಿನ ಪುಟಗಳಿಗೆ ಒಂದು ಗೀಟೂ ಬಿದ್ದಿರಲಿಲ್ಲ. ಒಂದೇ ಕಡೆ ಕೆಂಪು ಶಾಯಿ. ಅಲ್ಲಿ ಹೇಮಶ್ರೀ, 'ಸೇಫ್ಟಿ ಬಟನ್ನು ಹಾಕಿದ ಮೇಲೆ ಬಂದೂಕನ್ನು ಗೆಳೆಯನ ಕೈಗೆ ಕೊಡಬಹುದು' ಎಂದು ಬರೆದಿದ್ದಳು. ವಾಕ್ಯ ಚಿಕ್ಕದಾಗಿ ಚೊಕ್ಕವಾಗಿ ಬಂತೆಂದು ಬರೆದಾಗ ಸಂತೋಷಪಟ್ಟಿದ್ದು ಅವಳಿಗೆ ನೆನಪಿತ್ತು. ಪಕ್ಕದಲ್ಲಿ ಲೊರೇನ್ ಬರೆದಿದ್ದಳು: 'ಹೀಗೆ ಮಾಡಿದರೆ ಗೆಳೆಯರು ಕಮ್ಮಿಯಾಗುತ್ತಾರೆ. ಬರೆದವರು ನನ್ನ ಪ್ರಾಕ್ಟಿಕಲ್ ದಿನಕ್ಕೆ ಬಂದು ಪಾಸಾಗಲಿ. ಆಮೇಲೆ ಸಹಿ.'

ಹೇಮಶ್ರೀ ಫೋನು ಮಾಡಿದಳು.

"ಗುಂಡು ಹಾರದಂತೆ ತಡೆಯುವ ಆ ಬಟನ್ನು ಒಂದು ಯಂತ್ರ," ಅಂದಳು ಲೊರೇನ್. "ಯಂತ್ರ ಕೆಡುತ್ತದೆ. ಬಂದೂಕು ತೆರೆಯಬೇಕು, ಒಳಗೆ ತೋಟಾ ಇಲ್ಲ ಅಂತ ಕಣ್ಣಾರೆ ನೋಡಬೇಕು, ತೆರೆದೇ ಕೊಡಬೇಕು. ನೀವು ಎಂದಾದರೂ ಬಂದೂಕು ತೆರೆದು ನೋಡಿದ್ದೀರಾ?"

"ಇಲ್ಲ."

"ವಾಕ್ಯ ನೋಡಿದರೇ ಗೊತ್ತಾಗುತ್ತದೆ."

ಅವತ್ತು ಊಟಕ್ಕೆ ಕೂತಾಗ ಹೇಮಶ್ರೀಗೆ, ಯಾವುದೋ ಊರಿನಲ್ಲಿ ಯಾರೋ ಒಬ್ಬ, ಕಂಪ್ಯೂಟರಿನಲ್ಲಿ ಅವಳ ವಾಕ್ಯ ಓದಿ, ಬಟನ್ನು ಹಾಕಿ, ಗೆಳೆಯನ ಕಡೆಗೆ ಬಂದೂಕು ಚಾಚುವುದು ಕಣ್ಣಿಗೆ ಕಟ್ಟಿತು. ಕಾಲೇಜಿನಲ್ಲಿ ಹುಡುಗರ ಉತ್ತರಪತ್ರಿಕೆಯಲ್ಲಿ ಎಷ್ಟೋ ತಪ್ಪು ತಿದ್ದಿದ್ದಳು. ಅವುಗಳಲ್ಲಿ ಯಾವುದರಿಂದಲೂ ಯಾರ ಹೊಟ್ಟೆಗೂ ತೂತು ಬೀಳುವಂತಿರಲಿಲ್ಲ.

ಆಗ ಮನೆಯಲ್ಲಿ ಅತ್ತೆ ಕಾಶವ್ವ ಇದ್ದರು. ಗದಗಿನ ಹತ್ತಿರದ ಹೆಣ್ಣುಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿ ರಿಟೈರಾದವರು. ಆರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದರು. ಸೊಸೆ 'ಸೇಫ್ಟಿ' ಬಗ್ಗೆ ಬರೆಯುತ್ತಾಳೆಂದು ಅವರಿಗೆ ಹೇಳಲಾಗಿತ್ತು. ರಸ್ತೆ ದಾಟುವುದರ ಬಗ್ಗೆ ಇರಬೇಕೆಂದು ಅವರು ತಿಳಿದಿದ್ದರು. ಒಂದು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ಚಾಳೀಸು ಏರಿಸಿ, ಊಟದ ಟೇಬಲ್ಲಿನ ಮೇಲಿದ್ದ ಪುಸ್ತಕ ಬಿಡಿಸಿದರು.

"ಹೇಮಾ, ಈ ಜಿಂಕಿ ಯಾಕ ಹಿಂಗ ಬರದಾರ? ಒಳಗಿನ ಪುಪ್ಪುಸ ಎಲ್ಲಾ ಕಾಣಾಕತ್ತೈತಿ."

ಹೇಮಶ್ರೀ ಒಲೆ ಸಣ್ಣ ಮಾಡಿ ಬಂದು, ಬೇಟೆಯಲ್ಲಿ ಗುಂಡು ತಾಗಬೇಕಾದ ಜಾಗ ತೋರಿಸುವ ಚಿತ್ರ ಅದು ಎಂದು ಇದ್ದದ್ದು ಇದ್ದಹಾಗೆ ಹೇಳಿದಳು. ಕಾಶವ್ವ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿದರು.

"ಇದನ್ನ ನೀ ಹೊಡೀಬೇಕೇನು?"

"ಇಲ್ರಿ ಅತ್ತ್ಯಾರ. ಕಾಗದಕ್ಕ ಗುರಿ ಇಡೂದು ಅಷ್ಟ. ಜೀವ ತಗಿಯೂದಿಲ್ಲ."

"ಪರೀಕ್ಷಾ ಐತೇನು?"

"ಐತ್ರಿ."

"ಹಂಗಾರ ಓದು. ಉಳದದ್ದು ಆಮ್ಯಾಲೆ ಮಾತಾಡೋಣು."

ಕಾಶವ್ವನವರಿಗೆ ಹಿಂಸೆ ಬೇರೆ, ಪರೀಕ್ಷೆ ಬೇರೆ. ಅವೆರಡು ಬೇರೆ ಬೇರೆ ಇಲಾಖೆಗಳು.

ತಯಾರಿ ಮರುದಿನವೇ ಶುರುವಾಯಿತು. ನೆಲ ಒರೆಸುವ ಮಾಪಿನ ಬಟ್ಟೆ ಬಿಚ್ಚಿದರೆ ಕೋಲು ಬಂದೂಕಿನಷ್ಟೇ ಉದ್ದ ಇತ್ತು. ಅದರ ಯಾವ ತುದಿ ಬಂದೂಕಿನ ಬಾಯಿ ಎಂಬ ಗೊಂದಲ ಆಗಬಾರದೆಂದು ಕಾಶವ್ವ ಒಂದು ತುದಿಗೆ ಕೆಂಪು ರಿಬ್ಬನ್ನು ಕಟ್ಟಿದರು. ಎರಡು ಕುರ್ಚಿಗಳ ನಡುವೆ ತಮ್ಮ ಹಳೇ ಇಳಕಲ್ ಸೀರೆ ಬಿಗಿದು ಬೇಲಿ ಮಾಡಿದರು. ಬೇಲಿ ದಾಟುವ ಮೊದಲು ಬಂದೂಕು ಖಾಲಿ ಮಾಡಿ, ಬಾಯಿ ಆಚೆಗಿರುವಂತೆ ಬೇಲಿಯ ಕೆಳಗೆ ತೂರಿಸಿಟ್ಟು, ತಾನು ಬೇರೆ ಕಡೆಯಿಂದ ದಾಟಿ, ಹಿಂಬದಿಯಿಂದ ಬಂದು ಎತ್ತಿಕೊಳ್ಳಬೇಕು. ಶಶಿಧರ ಒಂದು ಸಂಜೆ ಸ್ಯಾನ್ ಹೋಸೆಯ ಆಫೀಸಿನಿಂದ ಬಂದು ಬಾಗಿಲು ತೆಗೆದಾಗ ಹೆಂಡತಿ ನೆಲಕ್ಕೆ ಮಂಡಿಯೂರಿ ಅವನ ಅವ್ವನ ಸೀರೆಯ ಕೆಳಗೆ ಕೋಲು ತೂರಿಸುತ್ತಿದ್ದಳು. ಅವ್ವ ಪಕ್ಕದಲ್ಲಿ ನಿಂತು, "ಬಾಯಿ ನೋಡು, ಬಾಯಿ," ಅನ್ನುತ್ತಿದ್ದರು.

"ಊಟ ಆಗೇತೇನು?" ಅಂದ ಶಶಿಧರ.

"ಬೇಲಿ ದಾಟಿ ಬಂದ್ನಿ ತಡೀರಿ," ಅಂದಳು ಹೇಮಶ್ರೀ.

ಸಾಲಾಗಿ ನಡೆಯುವ ಅಭ್ಯಾಸಕ್ಕೆ ಮೂವರು ಬೇಕು. ಮೂರು ಜನ ಒಂದೇ ಗೆರೆಯಲ್ಲಿ ಹೊಲದಲ್ಲಿ ನಡೆಯುವಾಗ ಎಡಗಡೆಯವನು ಎಡಕ್ಕೆ, ಬಲಗಡೆಯವನು ಬಲಕ್ಕೆ, ನಡುವಿನವನು ಮುಂದಕ್ಕೆ ಮಾತ್ರ ಗುರಿ ಇಡಬಹುದು. ಭಾನುವಾರ ಬೆಳಿಗ್ಗೆ ಮನೆ ಹತ್ತಿರದ ಪಾರ್ಕಿನಲ್ಲಿ ಶಶಿಧರ ಕೊಡೆ ಹಿಡಿದು, ಹೇಮಶ್ರೀ ಕೋಲು ಹಿಡಿದು, ಕಾಶವ್ವ ಲಟ್ಟಣಿಗೆ ಹಿಡಿದು ಹುಲ್ಲಿನ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ನಡೆದರು. ದಿನಾ ಅಲ್ಲಿಗೆ ಬಂದು ಗಾಳಿಯಲ್ಲಿ ಕೈ ತೇಲಿಸುತ್ತ ಚೀನೀ ವ್ಯಾಯಾಮ ಮಾಡುವ ಮುದುಕರೊಬ್ಬರು, ಇದೂ ಯಾವುದೋ ಹಳೇ ವಿದ್ಯೆಯೇ ಇರಬೇಕೆಂದು ತಲೆಬಾಗಿ ಗೌರವ ಸೂಚಿಸಿದರು.

ಪ್ರಾಕ್ಟಿಕಲ್ ದಿನ ಗಿಲ್ರಾಯ್ ಆಚೆಯ ಗುಡ್ಡದ ಸಂದಿಯಲ್ಲಿ. ಶನಿವಾರವಾದರೂ ಶಶಿಧರನಿಗೆ ಆಫೀಸಿತ್ತು. ಕಾಶವ್ವ ತಾವೇ ಹೊರಟರು. ಪರೀಕ್ಷಾ ಕೇಂದ್ರಕ್ಕೆ ಮನೆಯ ಹೆಣ್ಣುಮಗಳನ್ನು ಒಬ್ಬಳನ್ನೇ ಕಳಿಸುವ ಪದ್ಧತಿ ಅವರಲ್ಲಿ ಇರಲಿಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡರು.

ಲೊರೇನ್ ಗಿಡ್ಡ ಹೆಂಗಸು, ಬೆಳ್ಳಗಿನ ತಲೆ, ದನಿ ಏರಿಸದ ಮಾತು. ಬಂದವರಲ್ಲಿ ಹೆಚ್ಚಿನವರು ಟೊಪ್ಪಿಗೆ ಹಾಕಿದ ದೊಡ್ಡ ಆಳುಗಳು. ನೋಡುವವರಿಗೆಂದು ಹಳದಿ ಹಗ್ಗದ ಹಿಂದೆ ಮಡಚುವ ಕುರ್ಚಿಗಳಿದ್ದವು. ಕಾಶವ್ವ ಸೆರಗು ಹೊದ್ದು ಅಲ್ಲಿ ಕೂತರು. ಮಧ್ಯಾಹ್ನದವರೆಗಿನ ಅಭ್ಯಾಸಕ್ಕೆ ಕೊಟ್ಟ ಬಂದೂಕುಗಳು ನಿಜವಾದವೇ, ಆದರೆ ಗುಂಡು ಹಾರದಂತೆ ಒಳಭಾಗ ತೆಗೆದಿದ್ದರು.

"ಇದು ಹಾರುವುದಿಲ್ಲ ಅಂತ ನನಗೆ ಗೊತ್ತು, ನಿಮಗೂ ಗೊತ್ತು," ಅಂದಳು ಲೊರೇನ್. "ಅದನ್ನು ಮರೆತುಬಿಡಿ. ಯಾರು ಇದರ ಬಾಯನ್ನು ಮನುಷ್ಯರ ಕಡೆ ತಿರುಗಿಸುತ್ತಾರೋ ಅವರಿಗೆ ಇವತ್ತಿನ ಪಾಠ ಅಲ್ಲಿಗೆ ಮುಗಿಯಿತು."

ಹೇಮಶ್ರೀ ಚೆನ್ನಾಗಿಯೇ ಮಾಡಿದಳು. ಯಾವ ತೋಟಾ ಯಾವ ಬಂದೂಕಿಗೆ ಎಂದು ಜೋಡಿಸಿದಳು. ಬೇಲಿಯನ್ನು ಎಲ್ಲರಿಗಿಂತ ಸಲೀಸಾಗಿ ದಾಟಿದಳು. ಇಲ್ಲಿಯದು ಮುಳ್ಳುತಂತಿ, ಆದರೂ ಇಳಕಲ್ ಸೀರೆಯ ಅಭ್ಯಾಸ ಕೈಹಿಡಿಯಿತು. ಆಮೇಲೆ ಸಾಲಾಗಿ ನಡೆಯುವುದು. ಇಬ್ಬರು ದೊಡ್ಡ ಗಂಡಸರ ನಡುವೆ ಅವಳು, ಬಂದೂಕು ಎದೆಗೆ ಅಡ್ಡ, ಬಾಯಿ ಮೇಲಕ್ಕೆ ಮುಂದಕ್ಕೆ. ಒಣಹುಲ್ಲು ಕಾಲಡಿ ಚರಚರ ಅನ್ನುತ್ತಿತ್ತು. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಅವಳಿಗೆ ಅನಿಸಿದ್ದೂ ಉಂಟು.

ಹಗ್ಗದ ಹಿಂದೆ ಕಾಶವ್ವ ಬಿಸಿಲು ನೋಡಿದರು. ಹೊತ್ತು ಮೀರಿತ್ತು. ಹುಡುಗಿ ಬೆಳಿಗ್ಗೆಯಿಂದ ಒಂದು ಗುಟುಕು ಚಹಾದ ಮೇಲಿದ್ದಾಳೆ. ಡಬ್ಬಿ ಕೈಯಲ್ಲಿ ಹಿಡಿದು ಎದ್ದು ನಿಂತು, ಮನೆಯಲ್ಲಿ ಕರೆಯುವಂತೆಯೇ ಕರೆದರು.

"ಹೇಮಾ."

ಹೇಮಶ್ರೀ ತಿರುಗಿದಳು. ಕತ್ತು ಮಾತ್ರವಲ್ಲ, ಇಡೀ ಮೈಯೇ ತಿರುಗಿತು, ಕೈಲಿದ್ದದ್ದರ ಸಮೇತ. ಬಂದೂಕಿನ ಬಾಯಿ ಬಲಗಡೆಯ ಗಂಡಸಿನ ಹೊಟ್ಟೆಯ ಮೇಲೆ ಹಾದು, ಹಳದಿ ಹಗ್ಗ ದಾಟಿ, ರೊಟ್ಟಿ ಡಬ್ಬಿ ಹಿಡಿದ ಅತ್ತೆಯ ಎದುರು ಬಂದು ನಿಂತಿತು.

"ಏನ್ರಿ ಅತ್ತ್ಯಾರ?" ಅಂದಳು.

ಅಂದ ಮೇಲೆ ಗೊತ್ತಾಯಿತು. ಬಲಗಡೆಯ ಗಂಡಸು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದ. ಲೊರೇನ್ ನಡೆದು ಬಂದು ಬಂದೂಕಿನ ಬಾಯನ್ನು ಎರಡು ಬೆರಳಿಂದ ನೆಲದ ಕಡೆ ಒತ್ತಿ, ಅವಳ ಕೈಯಿಂದ ತಗೊಂಡಳು.

"ಮುಂದಿನ ತಿಂಗಳು ಬನ್ನಿ," ಅಂದಳು. ಸಿಟ್ಟಿರಲಿಲ್ಲ. ಅದೇ ಹೇಮಶ್ರೀಗೆ ಕಷ್ಟವಾಯಿತು.

ವಾಪಸು ಬರುವಾಗ ನೂರಾ ಒಂದನೇ ಫ್ರೀವೇಯಲ್ಲಿ ಮಾರ್ಗನ್ ಹಿಲ್ ದಾಟುವವರೆಗೂ ಡಬ್ಬಿ ಕಾಶವ್ವನವರ ತೊಡೆಯ ಮೇಲೆ ತೆರೆಯದೇ ಇತ್ತು. ಮುಖ್ಯೋಪಾಧ್ಯಾಯಿನಿಯಾಗಿ ಎಷ್ಟೋ ಮಕ್ಕಳನ್ನು ಫೇಲು ಮಾಡಿದವರು. ತಮ್ಮಿಂದ ಒಬ್ಬರು ಫೇಲಾದದ್ದು ಇದೇ ಮೊದಲು.

"ನಾ ಕರದೆ, ನೀ ತಿರಗಿದಿ," ಅಂದರು ಕೊನೆಗೆ. "ತಪ್ಪು ಯಾರದು?"

ಹೇಮಶ್ರೀ ಯೋಚಿಸಿದಳು. ನಿಮ್ಮದೇನೂ ಇಲ್ಲ ಎನ್ನುವುದು ಮರ್ಯಾದೆಯ ಉತ್ತರ. ಆದರೆ ಅವರು ಕೇಳಿದ ರೀತಿ ಮರ್ಯಾದೆಗೆ ಕೇಳಿದಂತಿರಲಿಲ್ಲ.

"ನಂದ್ರಿ."

"ಯಾಕ?"

"ಬಂದೂಕ ನನ್ನ ಕೈಯಾಗಿತ್ತು."

ಕಾಶವ್ವ ತಲೆಯಾಡಿಸಿದರು. ಆಮೇಲೆ ಡಬ್ಬಿ ತೆರೆದು, ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಕಾರು ಓಡಿಸುತ್ತಿದ್ದ ಸೊಸೆಯ ಬಾಯಿಗೆ ಹಿಡಿದರು.

ಸೋಮವಾರ ಗುರುಕಿರಣ್ ಕೇಳಿ ತಲೆ ಮೇಲೆ ಕೈಹೊತ್ತ.

"ಅದು ಹಾರದೇ ಇರೋ ಗನ್ನು ತಾನೇ, ಹೇಮಶ್ರೀ? ಟೆಕ್ನಿಕಲಿ ನೀವು ಯಾರಿಗೂ ಏನೂ ಮಾಡಿಲ್ಲ. ಆ ಮೇಡಮ್ಮಿಗೆ ಒಂದು ಮಾತು ಹೇಳೋಕಾಗಲ್ವಾ? ಇನ್‌ವೆಸ್ಟರ್ ಮೀಟಿಂಗು ಇದೆ."

"ಹಾರಲ್ಲ ಅಂದ್ಕೊಂಡೇ ಜನ ಸಾಯೋದು, ಗುರು. ಮೊದಲನೇ ಪಾಠದಲ್ಲೇ ಬರ್ದಿದೀನಿ. ನೀವು ಓದಿಲ್ವಾ?"

ಗುರುಕಿರಣ್ ಓದಿರಲಿಲ್ಲ. ಕ್ವಾಲಿಟಿ ಇನ್ನೂ ಹೆಚ್ಚಿಸುವ ಸಲುವಾಗಿ ಉದ್ಘಾಟನೆ ಒಂದು ತಿಂಗಳು ಮುಂದಕ್ಕೆ ಹೋಗಿದೆಯೆಂದು ಬಂಡವಾಳದವರಿಗೆ ಇ-ಮೇಲ್ ಬರೆದ.

ಮನೆಯಲ್ಲಿ ಹೊಸ ಪಾಠ ಶುರುವಾಗಿತ್ತು. ಪಾಠದ ವಿಷಯ: ಅತ್ತೆ ಕರೆದಾಗ ತಿರುಗದೇ ಇರುವುದು.

ಕ್ರಮ ಸರಳ. ಕೈಯಲ್ಲಿ ಕೋಲು ಇದ್ದಾಗ ಯಾರೇ ಕರೆಯಲಿ, ಮೊದಲು ನಿಲ್ಲಬೇಕು. ರಿಬ್ಬನ್ನು ಮುಂದಕ್ಕೇ ಇರಬೇಕು. ಬಾಯಲ್ಲಿ 'ಹಾಂ' ಅನ್ನಬಹುದು. ಕೋಲು ಕೆಳಗಿಡಬೇಕು. ಆಮೇಲೆ ತಿರುಗಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಹೇಮಶ್ರೀಯ ಕತ್ತಿಗೆ ಬೇರೆ ಪಾಠ ಆಗಿತ್ತು. ಹಿರಿಯರು ಎರಡನೇ ಸಲ ಕರೆಯುವಂತೆ ಮಾಡಬಾರದು ಎಂದು ತವರಿನಲ್ಲಿ ಅಜ್ಜಿ ಕಲಿಸಿದ್ದರು, ಅವ್ವ ಕಲಿಸಿದ್ದರು. ಮದುವೆಯಾದ ಹೊಸತರಲ್ಲಿ, ಸೊಸೆ ಕಿಟಕಿಯ ಬಳಿ ಪುಸ್ತಕ ಹಿಡಿದು ಕೂತು ಒಂದು ಸಲ ಓಗೊಡದಿದ್ದಾಗ, ಇದೇ ಕಾಶವ್ವ ಇಡೀ ಸಂಜೆ ಮಾತು ಬಿಟ್ಟು ಕಲಿಸಿದ್ದರು. ಈಗ ಅವರೇ ಬಾಗಿಲ ಹಿಂದಿನಿಂದ, ಬಾಲ್ಕನಿಯಿಂದ, ಬಚ್ಚಲಿನಿಂದ "ಹೇಮಾ" ಅನ್ನುತ್ತಿದ್ದರು, ಅವಳು ತಿರುಗುತ್ತಿದ್ದಳು, ಅವರು "ಫೇಲ್" ಅನ್ನುತ್ತಿದ್ದರು.

"ಹೇಮಾ, ಫೋನ್ ಹೊಡಕೊಳ್ಳಾಕತ್ತೈತಿ." ತಿರುಗಿದಳು. ಫೇಲ್.

"ಹೇಮಾ, ನಿಮ್ಮ ಅಪ್ಪಾರು ಬಂದಾರ." ಅಪ್ಪ ಹುಬ್ಬಳ್ಳಿಯಲ್ಲಿದ್ದರು. ಆದರೂ ತಿರುಗಿದಳು. ಫೇಲ್.

"ಹೇಮಾ, ಹಾಲು ಉಕ್ಕಾಕತ್ತೈತಿ." ಈ ಸಲ ಅವಳು ನಿಂತಳು, ಹಾಂ ಅಂದಳು, ಕೋಲು ಇಟ್ಟಳು, ತಿರುಗಿದಳು. ಹಾಲು ನಿಜವಾಗಿಯೇ ಉಕ್ಕಿ ಒಲೆಯ ತುಂಬ ಹರಿದಿತ್ತು. ಕಾಶವ್ವ ತಾವೇ ಒಲೆ ಒರೆಸಿದರು. ಅವರ ಮುಖದಲ್ಲಿ ತೃಪ್ತಿ ಇತ್ತು.

ಒಂದು ಮಧ್ಯಾಹ್ನ ಹೇಮಶ್ರೀ ನಡುಮನೆಯಲ್ಲಿ ಕೋಲು ಹಿಡಿದು ನಡೆಯುತ್ತಿದ್ದಾಗ ಅಡುಗೆಮನೆಯಿಂದ ದನಿ ಬಂತು. ಸ್ವಲ್ಪ ಸಣ್ಣ ದನಿ. ಇದೂ ಹೊಸ ಯುಕ್ತಿ ಇರಬೇಕೆಂದುಕೊಂಡಳು. ನಿಂತಳು, ಇಟ್ಟಳು, ತಿರುಗಿದಳು. ಅಡುಗೆಮನೆಯ ನೆಲದಲ್ಲಿ ಅತ್ತೆ ಕಪಾಟಿಗೆ ಒರಗಿ ಕೂತಿದ್ದರು. ಹಣೆಯ ಮೇಲೆ ಬೆವರು. ಸಕ್ಕರೆ ಕಾಯಿಲೆಯವರು, ಸೊಸೆಗೆ ಪಾಠ ಹೇಳುವ ಭರದಲ್ಲಿ ಊಟ ತಡಮಾಡಿದ್ದರು. ಹೇಮಶ್ರೀ ಓಡಿದಳು.

"ಕೋಲು ಕೆಳಗಿಟ್ಟಿ ಏನು?" ಅಂದರು ಕಾಶವ್ವ.

"ಇಟ್ಟೇನ್ರಿ."

"ಹಂಗಾರ ಒಂದೀಟು ಸಕ್ಕರಿ ನೀರು ಕೊಡು."

ನೀರು ಕುಡಿಸಿ, ಹಾಸಿಗೆಗೆ ಕರೆದೊಯ್ದು, ಪಾದ ತಿಕ್ಕುತ್ತ ಕೂತಾಗ ಹೇಮಶ್ರೀಗೆ ಅಳು ಬಂತು. ಕರೆದ ಕೂಡಲೇ ಬರಬೇಕಿತ್ತು ಅಂದಳು. "ಕೂಡಲೇ ಬಂದಿ," ಅಂದರು ಕಾಶವ್ವ. "ಕೋಲು ಕೆಳಗಿಡಾಕ ಎಷ್ಟು ಹೊತ್ತು ಹಿಡೀತು? ಒಂದು ಉಸರು. ಅಷ್ಟರಾಗ ನಾ ಏನು ಸಾಯೂದಿಲ್ಲ. ಕೋಲು ಹಿಡಕೊಂಡು ಓಡಿ ಬಂದಿದ್ರ ನನ್ನ ಕಣ್ಣಿಗೆ ಚುಚ್ಚತಿದ್ದಿ." ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು.

ಅಂದಿನಿಂದ ಹೇಮಶ್ರೀಯ ಕತ್ತು ಮಾತು ಕೇಳತೊಡಗಿತು. ಮಾತು ಕೇಳುವುದು ಸ್ವಲ್ಪ ಹೆಚ್ಚೇ ಆಯಿತು.

ಯುಗಾದಿ ಕಾರ್ಯಕ್ರಮಕ್ಕೆ ಕನ್ನಡ ಸಂಘದವರೆಲ್ಲ ಸನ್ನಿವೇಲಿನ ಬಾಡಿಗೆ ಹಾಲೊಂದರಲ್ಲಿ ಸೇರಿದ್ದರು. ಸುರುಳಿ ಸುತ್ತಿದ ಜಮಖಾನವನ್ನು ಹೆಗಲ ಮೇಲಿಟ್ಟುಕೊಂಡು ಹೇಮಶ್ರೀ ವೇದಿಕೆಯ ಕಡೆ ಹೋಗುತ್ತಿದ್ದಳು. ಕಾಶವ್ವ ಹಿಂದಿನಿಂದ, ಪಾಠಕ್ಕೆಂದಲ್ಲ, ಬೇವುಬೆಲ್ಲ ಕೊಡುವುದಕ್ಕೆಂದು "ಹೇಮಾ" ಅಂದರು. ಹೇಮಶ್ರೀ ನಿಂತಳು. ತಿರುಗಲಿಲ್ಲ. ಎದುರಿನ ಗೋಡೆ ನೋಡುತ್ತ "ಹಾಂ" ಅಂದಳು. ಜಮಖಾನವನ್ನು ನಿಧಾನಕ್ಕೆ ನೆಲಕ್ಕಿಳಿಸಿ, ಅದರ ತುದಿ ಯಾರ ಕಡೆಗೂ ಇಲ್ಲವೆಂದು ನೋಡಿ, ಆಮೇಲೆ ತಿರುಗಿದಳು.

ಕೋಸಂಬರಿ ಬಡಿಸುತ್ತಿದ್ದ ರಮಾ ಇದನ್ನು ನೋಡಿದರು. ಮಂಡ್ಯ ಕಡೆಯವರು, ಸಂಘದ ಎಲ್ಲರ ಮನೆಯ ವಿಷಯವನ್ನೂ ತಮ್ಮ ಮನೆಯದೆಂದೇ ತಿಳಿಯುವವರು. ಸ್ವಲ್ಪ ಹೊತ್ತಿಗೆ ಕಾಶವ್ವನವರ ಪಕ್ಕ ಬಂದು ಕೂತರು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಮನೇಲಿ ಎಲ್ಲಾ ಸರಿಯಾಗಿದೆಯಾ? ಅತ್ತೆ ಸೊಸೆ ಅಂದ್ಮೇಲೆ ಮಾತು ಬರುತ್ತೆ ಹೋಗುತ್ತೆ. ಇಲ್ಲಿ ಕೌನ್ಸೆಲಿಂಗು ಅಂತ ಮಾಡ್ತಾರೆ, ಫ್ಯಾಮಿಲಿಗೇ."

"ಏನಾಗೇತಿ?"

"ನೀವು ಕರೆದ್ರೆ ತಿರುಗಿ ಕೂಡ ನೋಡ್ಲಿಲ್ವಲ್ಲ ಅವಳು."

"ಬರೋಬ್ಬರಿ ಮಾಡ್ಯಾಳ," ಅಂದರು ಕಾಶವ್ವ. "ಅಕಿ ಬಂದೂಕಿನ ಪರೀಕ್ಷಾಕ್ಕ ಕುಂದರಾಕತ್ತಾಳ. ಹೋದ ಸಲ ನಾ ಕರದಾಗ ತಿರಗಿ, ನನ್ನ ಎದಿಗೆ ಬಂದೂಕ ಹಿಡದು ಫೇಲಾದಳು."

ರಮಾ ಕೋಸಂಬರಿಯ ಪಾತ್ರೆ ಎತ್ತಿಕೊಂಡು ಎದ್ದುಹೋದರು. ಆಮೇಲೆ ಸಂಘದಲ್ಲಿ ಹೇಮಶ್ರೀಗೆ ಯಾರೂ ಪಾತ್ರೆ ತೊಳೆಯುವ ಕೆಲಸ ಹೇಳಲಿಲ್ಲ.

ಎರಡನೇ ಪ್ರಾಕ್ಟಿಕಲ್ ದಿನ ಏಪ್ರಿಲ್ ನಡುವಿನ ಶನಿವಾರ. ಹಿಂದಿನ ದಿನ ಶುಕ್ರವಾರ ಷೇರುಪೇಟೆ ಬಿತ್ತು. ಆ ವಾರವೆಲ್ಲ ಬೀಳುತ್ತಲೇ ಇತ್ತು, ಶುಕ್ರವಾರದ್ದು ಟಿ.ವಿ.ಯವರೂ ನಗದೇ ಓದುವಂಥದ್ದು. ಸಂಜೆ ಗುರುಕಿರಣ್ ಫೋನು ಮಾಡಿದ.

"ಹೇಮಶ್ರೀ, ನಾಳೆ ನೀವು ಹೋಗೋದು ಬೇಡ."

"ಯಾಕೆ?"

"ಇನ್‌ವೆಸ್ಟರ್ಸ್ ಫೋನ್ ಎತ್ತುತ್ತಾ ಇಲ್ಲ. ಲಾಂಚ್ ಆಗುತ್ತೆ ಅಂತ ನನಗನ್ಸಲ್ಲ. ನಿಮ್ಮ ಶನಿವಾರ ಯಾಕೆ ಹಾಳು." ದನಿಯಲ್ಲಿ ಎಂದಿನ ಓಟ ಇರಲಿಲ್ಲ. "ವೀಸಾ ವಿಷ್ಯ ಸೋಮವಾರ ಮಾತಾಡೋಣ. ಸಾರಿ."

ಹೇಮಶ್ರೀ ಫೋನಿಟ್ಟು ವಿಷಯ ಹೇಳಿದಳು. ಶಶಿಧರ ಅವಳ ಪಕ್ಕ ಬಂದು ಕೂತ. ಮತ್ತೆ ಹೆಂಡತಿಯ ವೀಸಾ, ಮತ್ತೆ ಕೆಲಸವಿಲ್ಲದೆ ಬಾಲ್ಕನಿಯಲ್ಲಿ ಕೂರುವುದು ಎಂಬುದು ಇಬ್ಬರಿಗೂ ಹೊಳೆದಿತ್ತು.

"ನಾಳೆ ಹೋಗೂದೈತೇನು ಮತ್ತ?" ಅಂದ ಅವನು.

ಅಡುಗೆಮನೆಯಲ್ಲಿ ಕಾಶವ್ವ ಜೋಳದ ಹಿಟ್ಟು ನಾದುತ್ತಿದ್ದರು. "ಪರೀಕ್ಷಾ ರದ್ದಾಗೇತೇನು?" ಅಂತ ಅಲ್ಲಿಂದಲೇ ಕೇಳಿದರು.

"ಇಲ್ರಿ. ಕಂಪನಿ ರದ್ದಾಗೋ ಹಂಗೈತಿ."

"ಅದು ಬ್ಯಾರೆ."

ಹೇಮಶ್ರೀಗೂ ಅದು ಬೇರೆಯೇ ಅನಿಸಿತು. ಕಂಪನಿ ಇರಲಿ ಬಿಡಲಿ, ತಾನು ಬರೆದ ತಪ್ಪು ವಾಕ್ಯವೊಂದು ಲೋಕದಲ್ಲಿತ್ತು. ಅದನ್ನು ಸರಿಯಾಗಿ ಬರೆಯಬೇಕಾದರೆ ಒಂದು ಸಲ ತೆರೆದು ನೋಡಬೇಕಿತ್ತು.

ಬೆಳಿಗ್ಗೆ ಲೊರೇನ್ ಇಬ್ಬರನ್ನೂ ನೋಡಿ ಹುಬ್ಬೇರಿಸಿದಳು. ಕಾಶವ್ವ ಮುಂದೆ ಬಂದು, ಶಾಲೆಗೆ ಇನ್‌ಸ್ಪೆಕ್ಟರು ಬಂದಾಗ ಆಡುತ್ತಿದ್ದ ಇಂಗ್ಲಿಷಿನಲ್ಲಿ, ತಾವು ತಿಂಗಳಿಡೀ ಕರೆದದ್ದನ್ನೂ ಸೊಸೆ ತಿಂಗಳಿಡೀ ತಿರುಗದಿರಲು ಕಲಿತದ್ದನ್ನೂ ವರದಿ ಒಪ್ಪಿಸಿದರು. ಹಾಲು ಉಕ್ಕಿದ್ದನ್ನೂ ಬಿಡಲಿಲ್ಲ. ಲೊರೇನ್ ಕೊನೆಯವರೆಗೂ ಕೇಳಿದಳು.

"ನೀವು ಟೀಚರಾ?"

"ಹೆಡ್ ಮಿಸ್ಟ್ರೆಸ್."

ಲೊರೇನ್ ಬಂದವರ ಹೆಸರುಗಳ ಹಾಳೆಯನ್ನು ಅವರ ಕೈಗೆ ಕೊಟ್ಟು ಕಿವಿಯಲ್ಲಿ ಏನೋ ಹೇಳಿದಳು.

ಸಾಲು ನಡೆಯುವ ಪಾಳಿ ಬಂತು. ಮೂರು ಮೂರು ಜನ, ಹಾರದ ಬಂದೂಕು ಹಿಡಿದು ಹುಲ್ಲಿನ ಮೇಲೆ. ಕಾಶವ್ವ ಹಳದಿ ಹಗ್ಗದ ಹಿಂದೆ ನಿಂತು, ಹಾಜರಿ ಕರೆಯುವ ದನಿಯಲ್ಲಿ ಹೆಸರು ಹಿಡಿದು ಕರೆದರು. ಆ ಹೆಸರುಗಳಿಗೆ ಗದಗಿನ ಉಚ್ಚಾರ ಬಂದಿತ್ತು. ಆದರೆ ಕರೆದದ್ದು ತಮ್ಮನ್ನೇ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಮೊದಲ ಮೂವರಲ್ಲಿ ಇಬ್ಬರು ತಿರುಗಿದರು. ಒಬ್ಬ ಗಡ್ಡದವನು "ಯೆಸ್ ಮ್ಯಾಮ್" ಎಂದು ನೆಟ್ಟಗೆ ನಿಂತೇಬಿಟ್ಟ, ಬಂದೂಕು ಪಕ್ಕದವನ ಪಕ್ಕೆಗೆ ಮುಟ್ಟಿಸಿಕೊಂಡು. ಲೊರೇನ್ ಅವರನ್ನೆಲ್ಲ ಒಬ್ಬೊಬ್ಬರಾಗಿ ಹಗ್ಗದ ಹಿಂದಕ್ಕೆ ಕಳಿಸಿದಳು. ಕಾಶವ್ವ ಅವರಿಗೆ ಕುರ್ಚಿ ತೋರಿಸಿದರು.

ಹೇಮಶ್ರೀಯ ಸರದಿ ಬಂದಾಗ ಅವರು ಕರೆದರು. ಅವಳು ನಿಂತಳು, ಹಾಂ ಅಂದಳು, ಬಂದೂಕು ತೆರೆದಳು, ಕೆಳಗಿಟ್ಟಳು, ತಿರುಗಿದಳು. ಅಲ್ಲಿ ನೋಡಿದರೆ ಅತ್ತೆ ಆಗಲೇ ಮುಂದಿನ ಹೆಸರು ಹುಡುಕುತ್ತಿದ್ದರು.

ಮಧ್ಯಾಹ್ನ ನಿಜವಾದ ರೈಫಲ್ಲು, ಸಣ್ಣದು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಮೇಜಿಗೆ ಕೈಯೂರಿ, ದೂರದ ಕಾಗದಕ್ಕೆ ಗುರಿಯಿಟ್ಟು, ಹೇಮಶ್ರೀ ಲೊರೇನ್ ಹೇಳಿದಂತೆ ಉಸಿರು ಅರ್ಧ ಬಿಟ್ಟು ಟ್ರಿಗರ್ ಒತ್ತಿದಳು. ಭುಜಕ್ಕೆ ಯಾರೋ ಮೆಲ್ಲಗೆ ಕೈ ಹಾಕಿ ಒತ್ತಿದಂತಾಯಿತು, ಅಷ್ಟೇ. ಗುಂಡು ಕಾಗದದ ಅಂಚಿಗೆ ತಾಗಿತ್ತು.

"ಪರವಾಗಿಲ್ಲ," ಅಂದಳು ಲೊರೇನ್. "ಇವತ್ತಿನ ಪರೀಕ್ಷೆ ಅದಕ್ಕಲ್ಲ. ಈಗ ತೆರೆದು ನೋಡಿ."

ಹೇಮಶ್ರೀ ತೆರೆದಳು. ಖಾಲಿ ತೋಟಾ ಟಣ್ಣನೆ ಮೇಜಿನ ಮೇಲೆ ಬಿತ್ತು. ಒಳಗೆ ಬಗ್ಗಿ ನೋಡಿದಳು. ಸಣ್ಣ ಕತ್ತಲೆ, ಎಣ್ಣೆಯ ಹೊಳಪು, ಸುಟ್ಟ ವಾಸನೆ. ಅಲ್ಲಿ ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ತಾನು ಎಷ್ಟು ಹೊತ್ತು ನೋಡುತ್ತಿದ್ದೇನೆ ಎಂದು ಅವಳಿಗೇ ಆಶ್ಚರ್ಯವಾಯಿತು. ಲೊರೇನ್ ಅವಸರ ಮಾಡಲಿಲ್ಲ.

ಸೋಮವಾರ ಅವಳು ಗೋಡೌನಿಗೆ ಹೋಗಿ, ಗುರುಕಿರಣ್ ಫೋನಿನಲ್ಲಿ ಯಾರಿಗೋ ಕಾಯುತ್ತಿದ್ದಾಗ, ಆ ವಾಕ್ಯ ಅಳಿಸಿ ನಾಲ್ಕು ವಾಕ್ಯ ಬರೆದಳು. ಚೊಕ್ಕವಾಗಿರಲಿಲ್ಲ. ಲೊರೇನ್ ಸಹಿ ಹಾಕಿದಳು. ಪಾಠ ಇಂಟರ್‌ನೆಟ್ಟಿಗೆ ಹೋಗಲಿಲ್ಲ. ಬೇಸಿಗೆ ಮುಗಿಯುವ ಮುಂಚೆ ಕಂಪನಿ ಮುಚ್ಚಿತು. ಕುರ್ಚಿಗಳನ್ನು ಯಾರೋ ಒಯ್ದರು, ಪಾಠದ ಹಾಳೆಗಳನ್ನು ಲೊರೇನ್ ಕೇಳಿ ಇಸಿದುಕೊಂಡು ತನ್ನ ಕ್ಲಾಸಿಗೆ ಜೆರಾಕ್ಸ್ ಮಾಡಿಸಿದಳು. ವೀಸಾ ತಪ್ಪುವ ಮೊದಲೇ ಹೇಮಶ್ರೀಗೆ ರೆಡ್‌ವುಡ್ ಸಿಟಿಯ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನುಯಲ್ಲು ಬರೆಯುವ ಕೆಲಸ ಸಿಕ್ಕಿತು. ಅಲ್ಲಿ ವಾಕ್ಯ ತಪ್ಪಾದರೆ ಯಾರೂ ಸಾಯುತ್ತಿರಲಿಲ್ಲ. ಅದಕ್ಕೆ ಹೊಂದಿಕೊಳ್ಳಲು ಅವಳಿಗೆ ಸ್ವಲ್ಪ ಕಾಲ ಹಿಡಿಯಿತು. ಅಷ್ಟರಲ್ಲಿ ಕಾಶವ್ವ ಗದಗಿಗೆ ವಾಪಸು ಹೋಗಿದ್ದರು.

ಬಾತುಕೋಳಿ ಬೇಟೆಯ ಕಾಲ ಹತ್ತಿರವಾದಾಗ ಲೊರೇನ್ ಫೋನು ಮಾಡಿದಳು. ಕ್ಲಾಸು ತುಂಬಿದೆ, ಕರೆಯುವುದಕ್ಕೆ ಒಬ್ಬರು ಬೇಕು, ನಿಮ್ಮ ಅತ್ತೆ ಇದ್ದಾರಾ ಎಂದು ಕೇಳಿದಳು.

"ಊರಿಗೆ ಹೋದರು."

"ಹಾಗಾದರೆ ನೀವು ಬನ್ನಿ."

ಹೇಮಶ್ರೀ ಹೋದಳು. ಹಗ್ಗದ ಹಿಂದೆ ನಿಂತು ಹೆಸರು ಕರೆದಳು. ಅವಳ ದನಿಗೆ ಮೊದಮೊದಲು ಯಾರೂ ತಿರುಗಲಿಲ್ಲ. ಬಂದೇ ಬರುತ್ತಾರೆ ಎಂದುಕೊಂಡು ಕರೆಯಬೇಕು ಎಂದು ಲೊರೇನ್ ಹೇಳಿಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಒಬ್ಬ ನಡುವಯಸ್ಸಿನವನು ತಿರುಗಿದ. ಅವನ ಮುಖ ಕೆಂಪಾಯಿತು. ಬಂದೂಕು ಒಪ್ಪಿಸಿ ಬಂದು ಕುರ್ಚಿಯಲ್ಲಿ ತಲೆತಗ್ಗಿಸಿ ಕೂತ. ಹೇಮಶ್ರೀ ಅವನ ಹತ್ತಿರ ಹೋಗಿ, ಮುಂದಿನ ತಿಂಗಳು ಬನ್ನಿ ಅಂದಳು. ಆಮೇಲೆ, ಮನೆಯಲ್ಲಿ ಕರೆಯುವವರು ಯಾರಾದರೂ ಇದ್ದಾರಾ ಎಂದು ಕೇಳಿದಳು.

"ಹೆಂಡತಿ ಇದ್ದಾಳೆ," ಅಂದ ಅವನು.

"ಅವರಿಗೆ ಹೇಳಿ," ಅಂದಳು ಹೇಮಶ್ರೀ. "ಒಂದು ಮಾಪಿನ ಕೋಲು ಸಾಕು."